ಹಿಂದೆ ಬರುವವರ ಹಕ್ಕು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್ ದಾರಿ. ನೀವು ಈ ಕಡೆಯವರಾದರೆ ಮದುವೆಗೋ, ಆಸ್ಪತ್ರೆಗೋ, ಹಬ್ಬದ ಬಟ್ಟೆ ಖರೀದಿಗೋ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೀರೋ ಲೆಕ್ಕ ಇಟ್ಟಿರಲಿಕ್ಕಿಲ್ಲ. ಆದರೆ ಈ ದಾರಿಯಲ್ಲಿ ಒಂದು ಸೈಕಲ್ಲನ್ನು ಸಾಗಿಸುವುದು ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ರಜೆಗೆ ಅಜ್ಜಿ ಮನೆಗೆ ಹೊರಟ ಮಕ್ಕಳು ಸೈಕಲ್ಲೂ ಬೇಕೆಂದು ಹಟ ಹಿಡಿಯುವ ಮನೆಗಳಲ್ಲಿ ಈ ಪ್ರಶ್ನೆ ಖಂಡಿತ ಬಂದಿರುತ್ತದೆ.

ನಮ್ಮ ಬಾಲ್ಯದಲ್ಲಿ ಇದಕ್ಕೆ ಉತ್ತರ ಸುಲಭವಿತ್ತು. ಬಸ್ಸಿನ ಹಿಂಬದಿಯಲ್ಲಿ ಕಬ್ಬಿಣದ ಏಣಿ ಇರುತ್ತಿತ್ತು. ಕ್ಲೀನರ್ ಹುಡುಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಿ, ಬುಟ್ಟಿ, ಮೂಟೆ, ಕೋಳಿ ಪಂಜರಗಳ ನಡುವೆ ಮಲಗಿಸಿ ಹಗ್ಗ ಬಿಗಿಯುತ್ತಿದ್ದ. ಈಗಿನ ಬಸ್ಸುಗಳಲ್ಲಿ ಆ ಏಣಿ ಕಾಣುವುದು ಅಪರೂಪ. ಮಕ್ಕಳೇ ಸೈಕಲ್ ತುಳಿದುಕೊಂಡು ಹೋಗಲಿ ಎನ್ನೋಣವೆಂದರೆ ದಾರಿ ಅಂಥದ್ದಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಗಳ ವೇಗ ನಿಮಗೆ ಗೊತ್ತೇ ಇದೆ. ಹಿಂದೆ ಎನ್.ಎಚ್. 4 ಎನ್ನುತ್ತಿದ್ದ ಆ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ. ದೊಡ್ಡಬಾತಿ ಮೇಲೆ ಹೋಗುವ ಹಳೆ ಪಿ.ಬಿ. ರಸ್ತೆಯಲ್ಲೂ ಬಸ್ಸು, ಟ್ರ್ಯಾಕ್ಟರ್, ಟಂಟಂಗಳ ಗದ್ದಲ. ದೊಡ್ಡವರೇ ಅಂಜುವ ದಾರಿಗೆ ಮಕ್ಕಳನ್ನು ಕಳಿಸುವುದು ಹೇಗೆ?

ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಹೊಸ ಕಾರು ತಂದಿದ್ದ. ಚಿಕ್ಕದಾದರೂ ಚುರುಕಾದ ಕಾರು. ನೆಲಕ್ಕೆ ತುಸು ತಗ್ಗಾಗಿ ಕೂತ ಮೈ, ಹಿಂದಿನ ಗಾಜಿನ ಮೇಲೆ ಹಕ್ಕಿಯ ರೆಕ್ಕೆಯಂತೆ ಚಾಚಿದ ಪ್ಲಾಸ್ಟಿಕ್ ಸ್ಪಾಯ್ಲರ್, ಕೆಳಗೆ ಹೊಳೆಯುವ ಸೈಲೆನ್ಸರ್. ಹರಿಹರದ ನಾನಿಯ ಮನೆಗೆ ಹೋಗಬೇಕಿದ್ದವರು ಏಳನೇ ತರಗತಿ ಮುಗಿಸಿದ ಅಕ್ಕನ ಮಗಳು ಮತ್ತು ಅವಳ ತಮ್ಮ. ಇಬ್ಬರಿಗೂ ಒಂದೊಂದು ಸೈಕಲ್. ಡಿಕ್ಕಿಯೊಳಗೆ ಅರ್ಧ ಸೈಕಲ್ಲೂ ಹಿಡಿಯದು. ಕಾರಿನ ಹಿಂಬದಿಗೆ ಕಟ್ಟುವ ಸೈಕಲ್ ರ‍್ಯಾಕ್ ಒಂದನ್ನು ತಮ್ಮ ತರಿಸಿದ.

ಇಂಥ ರ‍್ಯಾಕ್‌ಗಳು ನಮಗೆ ಹೊಸದಾದರೂ ಯುರೋಪ್, ಅಮೆರಿಕಗಳಲ್ಲಿ ಹಳೆಯ ವಸ್ತುಗಳೇ. ಈಗ ಇವುಗಳಿಗೆ ಹೆಸರಾದ ಸ್ವೀಡನ್ನಿನ ತೂಲೆ ಕಂಪನಿ ಆರಂಭವಾದದ್ದು 1942ರಲ್ಲಿ. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು ಕಾರಿನ ತಲೆಯ ಮೇಲೆ ಕೂರುವುದು. ಇನ್ನೊಂದು ಕಾರಿನ ಅಡಿಗೆ ಜೋಡಿಸಿದ ಕೊಂಡಿಯ ಮೇಲೆ ನಿಲ್ಲುವುದು. ಮೂರನೆಯದು ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವುದು. ಈ ಮೂರನೆಯದೇ ಅಗ್ಗ. ಬೇಡವಾದಾಗ ಬಿಚ್ಚಿ ಮಂಚದ ಕೆಳಗೆ ಇಡಬಹುದು, ಕಾರಿಗೆ ತೂತು ಕೊರೆಯಬೇಕಿಲ್ಲ. ಎರಡು ಸೈಕಲ್ಲಿನ ರ‍್ಯಾಕ್ ಸಾಮಾನ್ಯವಾಗಿ 30 ಕಿಲೋ ತನಕ ಹೊರುತ್ತದೆ. ಎಷ್ಟೆಂದು ಅದರ ಮೇಲೆಯೇ ಬರೆದಿರುತ್ತದೆ, ಓದಿಕೊಳ್ಳಬೇಕು. ಹಾಲು ಮಾರುವವರು ಬಳಸುವ ಹಳೆಯ ಗಟ್ಟಿ ಸೈಕಲ್ ಒಂದೇ 20 ಕಿಲೋ ದಾಟುತ್ತದೆ. ಅಂಥವು ಎರಡು ಸೇರಿದರೆ ಭಾರ ಮಿತಿ ಮೀರುತ್ತದೆ.

ಆದರೆ ಚೆಂದದ ಕಾರಿಗೆ ಈ ರ‍್ಯಾಕ್ ಕಟ್ಟುವುದು ಸಾದಾ ಕಾರಿಗೆ ಕಟ್ಟಿದಷ್ಟು ಸುಲಭವಲ್ಲ. ಪಟ್ಟಿಯ ತುದಿಯ ಕೊಕ್ಕೆಗಳು ಡಿಕ್ಕಿ ಬಾಗಿಲಿನ ತಗಡಿನ ಅಂಚನ್ನು ಹಿಡಿಯಬೇಕು. ಗಾಜಿನ ಅಂಚಿಗೋ ಸ್ಪಾಯ್ಲರಿಗೋ ಸಿಕ್ಕಿಸಿದರೆ ಬಿಗಿಯುವಾಗಲೇ ಬಿರುಕು ಬಿಡಬಹುದು. ಸ್ಪಾಯ್ಲರ್ ಗಾಳಿಯನ್ನು ತಾಳಲು ಮಾಡಿದ್ದೇ ಹೊರತು ಭಾರ ಹೊರಲು ಅಲ್ಲ. ಯಾವ ಕಾರಿಗೆ ಯಾವ ರ‍್ಯಾಕ್ ಹೊಂದುತ್ತದೆ ಎಂಬ ಪಟ್ಟಿಯನ್ನು ಒಳ್ಳೆಯ ಕಂಪನಿಗಳು ಕೊಡುತ್ತವೆ. ನಿಮ್ಮ ಕಾರಿನ ಹೆಸರು ಅದರಲ್ಲಿ ಇಲ್ಲವಾದರೆ, ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ ಕೊಳ್ಳಬೇಡಿ. ತಮ್ಮನ ಕಾರು ಆ ಪಟ್ಟಿಯಲ್ಲಿತ್ತು. ಮೇಲಿನ ಕೊಕ್ಕೆಗಳು ಸ್ಪಾಯ್ಲರಿನ ಎರಡು ಬದಿಯ ಸಂದಿಯಲ್ಲಿ ತಗಡನ್ನು ಹಿಡಿಯಬೇಕೆಂದು ಚಿತ್ರವೂ ಇತ್ತು.

ಹುಡುಗನ ಸೈಕಲ್ ಐದು ನಿಮಿಷದಲ್ಲಿ ಕೂತಿತು. ತೊಡಕಾದದ್ದು ಹುಡುಗಿಯ ಸೈಕಲ್ಲಿಗೆ. ನೀವು ಗಮನಿಸಿರಬಹುದು, ಗಂಡಸರ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲ್ ತನಕ ಒಂದು ನೇರ ಪೈಪು ಇರುತ್ತದೆ. ರ‍್ಯಾಕಿನ ಎರಡು ತೋಳುಗಳು ಎತ್ತಿ ಹಿಡಿಯುವುದು ಆ ಪೈಪನ್ನೇ. ಲೇಡೀಸ್ ಸೈಕಲ್ಲಿಗೆ ಆ ಪೈಪು ಇಲ್ಲ. ಸಲ್ವಾರ್ ಕಮೀಜ್ ತೊಟ್ಟವರು ಹತ್ತಲು ಅನುಕೂಲವಾಗಲೆಂದು ಅದನ್ನು ಕೆಳಕ್ಕೆ ಇಳಿಸಿರುತ್ತಾರೆ. ತೋಳುಗಳಿಗೆ ಹಿಡಿಯಲು ಏನೂ ಸಿಗದೆ ಸೈಕಲ್ ಓರೆಯಾಗಿ ಜೋತಿತು. ಒಂದು ಚಕ್ರ ಸೈಲೆನ್ಸರಿನ ಬಾಯಿಗೇ ಬಂತು. ಸೈಲೆನ್ಸರಿನ ಬಿಸಿಗೆ ಟೈರು ಕರಗುತ್ತದೆ.

"ಹಗ್ಗ ಹಾಕಿ ಹೇಗೋ ಬಿಗಿಯೋಣ" ಎಂದರು ಒಬ್ಬರು. "ಈ ಸಲ ಹುಡುಗನದು ಹೋಗಲಿ, ಅವಳು ದೊಡ್ಡವಳಾದಳು, ಇನ್ನೇನು ಸೈಕಲ್" ಎಂದರು ಇನ್ನೊಬ್ಬರು. ಹುಡುಗಿ ಏನೂ ವಾದ ಮಾಡಲಿಲ್ಲ. "ನನ್ನದು ಬೇಡ ಬಿಡಿ ಮಾಮು" ಎಂದು ತಾನೇ ಸೈಕಲ್ಲನ್ನು ಇಳಿಸಿ ಗೋಡೆಗೆ ಒರಗಿಸಿದಳು.

ಸಹೋದರಿಯರೇ, ನಮ್ಮ ಹೆಣ್ಣು ಮಕ್ಕಳ ಎಷ್ಟೋ ಆಸೆಗಳು ಹೀಗೆಯೇ ಗೋಡೆಗೆ ಒರಗುತ್ತವೆ. ಯಾರೂ ಬೇಡ ಎನ್ನುವುದಿಲ್ಲ. ಜಾಗ ಇಲ್ಲ ಎನ್ನುತ್ತಾರೆ, ಅಷ್ಟೆ. ನಾನು ಶಾಲೆಯಲ್ಲಿ ಕಲಿಸುವವಳು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದ ಮೇಲೆ, ಹಳ್ಳಿಗಳಿಂದ ಹೈಸ್ಕೂಲಿಗೆ ಹುಡುಗಿಯರು ಸಾಲುಸಾಲಾಗಿ ಸೈಕಲ್ಲಿನಲ್ಲಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಆದರೆ ಎರಡು ಚಕ್ರ ಸಿಕ್ಕರೆ ಒಬ್ಬ ಹುಡುಗಿಯ ಓದು ಎಷ್ಟು ದೂರ ಹೋಗಬಲ್ಲದು ಎಂಬುದು ಎಲ್ಲರಿಗೂ ತಿಳಿಯಿತು.

ಹಾಗೆಂದು ಹೇಗೋ ಹಗ್ಗ ಬಿಗಿದು ಹೊರಡುವುದೂ ತಪ್ಪೇ. ಕಟ್ಟುವ ಕೆಲಸದಲ್ಲಿ ದಾವಣಗೆರೆಯವರು ಯಾರಿಗೂ ಕಡಿಮೆಯಲ್ಲ. ಮಂಡಕ್ಕಿ ಭಟ್ಟಿಗಳ ಕಡೆ ಬೆಳಗ್ಗೆ ಹೋಗಿ ನೋಡಿ. ಆಳೆತ್ತರದ ಮಂಡಕ್ಕಿ ಚೀಲಗಳನ್ನು ಸೈಕಲ್ಲಿನ ಮೇಲೆ ಹೇರಿ, ಹಳೆ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದು ಸಲೀಸಾಗಿ ಸಾಗುತ್ತಾರೆ. ಆದರೆ ಮಂಡಕ್ಕಿ ಚೀಲ ಬಿದ್ದರೆ ಹೋಗುವುದು ಮಂಡಕ್ಕಿ. ಗಂಟೆಗೆ 60-70 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನಿಂದ ಸೈಕಲ್ ಬಿದ್ದರೆ ಹಿಂದೆ ಬರುವವರ ಜೀವ ಹೋಗುತ್ತದೆ. ಹಿಂದೆ ಬರುವವರು ಯಾರು? ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಬೈಕಿನ ಹಿಂದೆ ಕೂತ ನಿಮ್ಮಂಥ, ನನ್ನಂಥ ಹೆಂಗಸೇ ಆಗಿರಬಹುದು. ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸರಿಸುವುದಕ್ಕೇ ಇಷ್ಟು ಮಹತ್ವವಿದ್ದರೆ, ಬೀಳದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಕರ್ತವ್ಯವಲ್ಲವೇ? ದಾರಿಯ ಮೇಲೆ ನಮಗಿರುವಷ್ಟೇ ಹಕ್ಕು ನಮ್ಮ ಹಿಂದೆ ಬರುವವರಿಗೂ ಇದೆ.

ಪರಿಹಾರ ತಿಳಿದದ್ದು ಸೈಕಲ್ ಅಂಗಡಿಯಲ್ಲಿ. ಲೇಡೀಸ್ ಸೈಕಲ್ಲಿಗೆಂದೇ ಒಂದು ಕಂಬಿ ಸಿಗುತ್ತದೆ. ಅದರ ಒಂದು ತುದಿಯನ್ನು ಸೀಟಿನ ಕೆಳಗಿನ ಪೈಪಿಗೆ, ಇನ್ನೊಂದನ್ನು ಹ್ಯಾಂಡಲ್ಲಿನ ಕತ್ತಿಗೆ ಸಿಕ್ಕಿಸಿದರೆ ಇಲ್ಲದ ಪೈಪು ಬಂದಂತಾಯಿತು. ಊರಿನಲ್ಲಿ ಅದು ಸಿಗದೆ ತರಿಸಬೇಕಾಯಿತು, ಪ್ರಯಾಣ ನಾಲ್ಕು ದಿನ ಮುಂದೆ ಹೋಯಿತು. ಹುಡುಗ ಮುಖ ಊದಿಸಿಕೊಂಡ. ಆದರೆ ಇಬ್ಬರ ಸೈಕಲ್ಲೂ ಹೋಗಬೇಕು, ಇಲ್ಲವೇ ಯಾರದೂ ಇಲ್ಲ ಎಂದು ತಮ್ಮ ಹೇಳಿದ ಮೇಲೆ ಅವನೂ ಸುಮ್ಮನಾದ.

ಕಟ್ಟುವ ಕ್ರಮ ನಿಮಗೂ ತಿಳಿದಿರಲಿ. ಮೊದಲು ಡಿಕ್ಕಿಯ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ. ಧೂಳಿನ ಮೇಲೆ ಸ್ಪಂಜಿನ ಕಾಲುಗಳು ಉಜ್ಜಿದರೆ ಬಣ್ಣ ಗೀರುತ್ತದೆ. ತಿಂಡಿ, ಬ್ಯಾಗುಗಳನ್ನು ಮೊದಲೇ ಡಿಕ್ಕಿಗೆ ತುಂಬಿ, ರ‍್ಯಾಕ್ ಕಟ್ಟಿದ ಮೇಲೆ ಬಾಗಿಲು ತೆರೆಯಲಾಗದು. ರ‍್ಯಾಕಿನ ಕಾಲುಗಳು ಗಾಜಿನ ಮೇಲೆ ಊರದೆ ಗಟ್ಟಿ ತಗಡಿನ ಮೇಲೆ ಊರಿರಲಿ. ಮೊದಲು ಮೇಲಿನ ಪಟ್ಟಿ, ಆಮೇಲೆ ಕೆಳಗಿನದು, ಕೊನೆಗೆ ಬದಿಯವು ಎಂದು ಬಿಗಿಯುತ್ತಾ ಬನ್ನಿ. ಬಿಗಿದ ಮೇಲೆ ರ‍್ಯಾಕನ್ನು ಕೈಯಿಂದ ಜಗ್ಗಿದರೆ ರ‍್ಯಾಕ್ ಮಾತ್ರ ಅಲುಗದೆ ಇಡೀ ಕಾರು ಅಲುಗಬೇಕು. ಉಳಿದ ಪಟ್ಟಿಯ ತುದಿಗಳನ್ನು ಸುತ್ತಿ ಕಟ್ಟಿ, ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಬಾರದು. ಭಾರದ ಸೈಕಲ್ ಕಾರಿನ ಹತ್ತಿರ, ಹಗುರದ್ದು ಹೊರಗೆ. ಎರಡರ ನಡುವೆ ಹಳೆ ಚಾದರ ತುರುಕಿದರೆ ಪೆಡಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ.

ಇನ್ನೊಂದು ಮಾತು. ದೊಡ್ಡವರ ಸೈಕಲ್ಲಿನ ಉದ್ದ ಸುಮಾರು 170ರಿಂದ 180 ಸೆಂಟಿಮೀಟರ್. 2022ರ ತನಕ ನಮ್ಮಲ್ಲಿ ಮಾರಾಟವಾಗುತ್ತಿದ್ದ ಪೋಲೋದಂಥ ಕಾರಿನ ಅಗಲ 168 ಸೆಂಟಿಮೀಟರ್. ಅಂದರೆ ಚಕ್ರಗಳು ಎರಡು ಬದಿಗೂ ಹೊರಗೆ ಇಣುಕುತ್ತವೆ. ಪಕ್ಕದಲ್ಲಿ ಸಾಗುವ ಬೈಕಿನವರಿಗೆ ಅದು ಅಪಾಯ. ಮುಂದಿನ ಚಕ್ರ ಬಿಚ್ಚಿ ಡಿಕ್ಕಿಯಲ್ಲಿಟ್ಟರೆ ಸುಮಾರು 30 ಸೆಂಟಿಮೀಟರ್ ಕಡಿಮೆಯಾಗುತ್ತದೆ. ನಂಬರ್ ಪ್ಲೇಟ್ ಮರೆಯಾಗುವಂತಿಲ್ಲ. ನಮ್ಮ 'ಕೆಎ 17' ಹಿಂದಿನವರಿಗೆ ಪೂರ್ತಿ ಕಾಣಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಬ್ರೇಕಿನ ಕೆಂಪು ದೀಪ, ತಿರುಗುವ ಸೂಚನೆಯ ದೀಪಗಳೂ ಅಷ್ಟೆ. ಇವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಹಿಂದಿನವರಿಗಾಗಿಯೇ ಇರುವಂಥವು. ಆದ್ದರಿಂದ ಹೊರಡುವ ಮೊದಲು ಒಬ್ಬರು ಹತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕು. ನಮ್ಮಲ್ಲಿ ಆ ಕೆಲಸ ಹುಡುಗಿಯ ಪಾಲಿಗೆ ಬಂತು. "ಎಡಗಡೆ ದೀಪಕ್ಕೆ ಪೆಡಲ್ ಅಡ್ಡ ಇದೆ" ಎಂದು ಕಂಡುಹಿಡಿದವಳೂ ಅವಳೇ.

ಹಳೆ ಪಿ.ಬಿ. ರಸ್ತೆ ಹಿಡಿದು ನಿಧಾನವಾಗಿ ಹೊರಟೆವು. ದೊಡ್ಡಬಾತಿಯ ಬಳಿ ಬದಿಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ಎಳೆದು ನೋಡಿದೆವು. ಹಂಪ್ಸ್‌ಗಳ ಮೇಲೆ ಕುಲುಕಿ ಒಂದು ಪಟ್ಟಿ ಬೆರಳಗಲ ಸಡಿಲವಾಗಿತ್ತು. ಹಾಗಾಗಿ ಮೊದಲ ಕೆಲವು ಕಿಲೋಮೀಟರ್ ಆದ ಮೇಲೆ ನಿಂತು ನೋಡುವುದನ್ನು ಯಾರೂ ತಪ್ಪಿಸಬಾರದು. ಅಲ್ಲೇ ಮಕ್ಕಳು ಪೊಟ್ಟಣ ಬಿಚ್ಚಿ ನರ್ಗಿಸ್ ಮಂಡಕ್ಕಿ ತಿಂದರು. ಭದ್ರಾ ನಾಲೆಯ ನೀರಿನಿಂದ ಹಸಿರಾದ ಗದ್ದೆಗಳನ್ನು ನೋಡುತ್ತಾ ಮುಂದೆ ಸಾಗಿದೆವು.

ಹರಿಹರ ನಿಮಗೆ ಗೊತ್ತಿರುವ ಊರೇ. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಊರಿಗೆ ಹೆಸರು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಅದು ತಯಾರಿಸಿದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳನ್ನು ಸೇರಿದವು. ಕಾರ್ಖಾನೆ ಮುಚ್ಚಿ ವರ್ಷಗಳಾದವು. ಯಂತ್ರಪುರ ಎಂಬ ಹೆಸರು ಮಾತ್ರ ಉಳಿದಿದೆ. ಊರ ಪಕ್ಕದಲ್ಲಿ ತುಂಗಭದ್ರೆ. ಬ್ರಿಟಿಷರ ಕಾಲದಲ್ಲಿ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ್ಯ. ಈಗ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ.

ನಾನಿಯ ಓಣಿ ಬಂತು. ಹುಡುಗನ ಸೈಕಲ್ಲಿಗಿಂತ ಮೊದಲು ಹುಡುಗಿಯದನ್ನು ಇಳಿಸಿದೆವು, ಅದು ಹೊರಬದಿಯಲ್ಲಿತ್ತು. ಒಂದು ಗಂಟೆಯೊಳಗೆ ಓಣಿಯ ನಾಲ್ಕಾರು ಹುಡುಗಿಯರು ಆ ಸೈಕಲ್ಲಿನ ಸುತ್ತ ಸೇರಿದ್ದರು. ಮಗ್ರಿಬ್‌ಗೆ ಮುಂಚೆ ಒಬ್ಬಳಿಗೆ ಸಮತೋಲ ಸಿಕ್ಕಿತು, ಇನ್ನೊಬ್ಬಳಿಗೆ ಮೊಣಕಾಲು ತರಚಿತು. ನಾನಿ ಜಗಲಿಯ ಮೇಲೆ ಕೂತು ಇಬ್ಬರನ್ನೂ ಗದರಿಸುತ್ತಾ, ನಾಳೆಯೂ ಬನ್ನಿ ಎಂದರು.

ನಿಮ್ಮ ಮನೆಯಲ್ಲೂ ಇಂಥ ಪ್ರಯಾಣದ ಮಾತು ಬಂದರೆ ಎರಡು ಸಂಗತಿ ನೆನಪಿಡಿ. ಕಟ್ಟಿದ್ದು ಗಟ್ಟಿ ಇದೆಯೇ ಎಂದು ಕಾರಿನೊಳಗೆ ಕೂತು ಕೇಳಬೇಡಿ, ಕೆಳಗಿಳಿದು ಕೈಯಿಂದ ಜಗ್ಗಿ ನೋಡಿ. ಮತ್ತು ಜಾಗ ಸಾಲದೆಂಬ ಮಾತು ಬಂದಾಗ ಇಳಿದದ್ದು ಯಾರ ಸೈಕಲ್ ಎಂದು ಒಮ್ಮೆ ಹಿಂತಿರುಗಿ ನೋಡಿ. ಅದಕ್ಕೆ ಬೇಕಾಗಿರುವುದು ಒಂದು ಕಂಬಿ ಮತ್ತು ನಾಲ್ಕು ದಿನದ ತಾಳ್ಮೆ ಅಷ್ಟೇ ಆಗಿರಬಹುದು.