ಎಲ್ಲಾರ ಹೆಸರೂ ಬಂತು, ಗಣಿತ ಎಲ್ಲಿ ಹೋತ್ರಿ?

ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗದವರು ಒಂದು ದಿನದ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು. ನಾವೂ ಹೋಗಿದ್ದೆವು. ದೀಪ ಹಚ್ಚುವ ಫೋಟೊ ತೆಗೆದೆವು, ವೇದಿಕೆ ಮೇಲಿದ್ದ 11 ಜನರ ಹೆಸರು ಬರೆದುಕೊಂಡೆವು, ಉಪ್ಪಿಟ್ಟು ಶಿರಾ ತಿಂದು ಬಂದೆವು. ಮರುದಿನ ಒಳಪುಟದಲ್ಲಿ ಸುದ್ದಿಯೂ ಬಂತು.

ಬೆಳಿಗ್ಗೆ ಒಂದು ಫೋನು. ಆ ಕಾಲೇಜಿನ ಗಣಿತದ ಅತಿಥಿ ಉಪನ್ಯಾಸಕರು. ‘ಏನ್ರೀ ಸರ, ಎಲ್ಲಾರ ಹೆಸರೂ ಬಂದಾವು. ಶಾಲು ಯಾರು ಹೊದಿಸಿದ್ರು ಅನ್ನೂದೂ ಬಂದೈತಿ. ಗಣಿತ ಎಲ್ಲಿ ಹೋತ್ರಿ?’

ನಮ್ಮ ಬಳಿ ಉತ್ತರ ಇರಲಿಲ್ಲ. ಮಧ್ಯಾಹ್ನದ ಗೋಷ್ಠಿಗೆ ನಾವು ಕೂತೇ ಇರಲಿಲ್ಲವಲ್ಲ. ಯಾರು, ಏನು, ಎಲ್ಲಿ, ಯಾವಾಗ ಅಂತ ಬರೆಯಬೇಕೆಂದು ಡಿಪ್ಲೊಮಾದಲ್ಲಿ ಕಲಿತವರು ನಾವು. ಕಾಲೇಜಿನ ಸುದ್ದಿ ಬಂದರೆ ಮಾತ್ರ ‘ಏನು’ ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತೇವೆ. ಆ 11 ಹೆಸರಿನಲ್ಲಿ ಅವರ ಹೆಸರೂ ಇರಲಿಲ್ಲ. ಕಾರ್ಯಕ್ರಮದ ಓಡಾಟವನ್ನೆಲ್ಲ ಮಾಡಿದವರು ಅವರೇ.

ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಚಹಾದ ಅಂಗಡಿಯಲ್ಲಿ ಅವರನ್ನು ಕೂಡಿಸಿಕೊಂಡು, ನಿಮ್ಮ ಪಿಎಚ್.ಡಿ. ಯಾವುದರ ಮೇಲೆ ಅಂತ ಕೇಳಿದೆವು. ಅವರು ಹಳೆಯ ಬಿಲ್ಲಿನ ಹಿಂದೆ ಸಾಲಾಗಿ 6 ಚುಕ್ಕೆ ಇಟ್ಟು, ಒಂದಕ್ಕೊಂದು ಗೆರೆ ಎಳೆದರು.

‘ಇವು 6 ಊರು ಅನ್ರಿ. ಒಂದೇ ರಸ್ತೆ ಮ್ಯಾಲ ಅದಾವು. ದವಾಖಾನಿ ಅವರ ಊರಾಗರೆ ಇರಬೇಕು, ಇಲ್ಲಾ ಪಕ್ಕದ ಊರಾಗರೆ ಇರಬೇಕು. ಎಷ್ಟು ದವಾಖಾನಿ ಬೇಕು?’

ನಾವು ಮೂರು ಅಂದೆವು. ಅವರು ಎರಡನೇ ಚುಕ್ಕೆಗೂ ಐದನೇ ಚುಕ್ಕೆಗೂ ಸುತ್ತು ಹಾಕಿದರು. ಹೌದು, ಎರಡೇ ಸಾಕು.

‘ಈಗ ಇನ್ನೊಂದು ಷರತ್ತು. ಒಂದು ದವಾಖಾನಿಯಿಂದ ಇನ್ನೊಂದಕ್ಕ ಔಷಧ ಒಯ್ಯುವಾಗ ನಡುವ ದವಾಖಾನಿ ಇಲ್ಲದ ಊರು ಸಿಗಬಾರದು.’ ನಾವು ಸ್ವಲ್ಪ ಹೊತ್ತು ಬಿಲ್ಲನ್ನು ದಿಟ್ಟಿಸಿದೆವು. ಎರಡು, ಮೂರು, ನಾಲ್ಕು, ಐದು. ಒಟ್ಟು ನಾಲ್ಕು ಬೇಕು.

ಮೊದಲನೆಯದಕ್ಕೆ ಗ್ರಾಫ್ ಥಿಯರಿಯಲ್ಲಿ ಡಾಮಿನೇಷನ್ ಅನ್ನುತ್ತಾರೆ, ಎರಡನೆಯದಕ್ಕೆ ಕನೆಕ್ಟೆಡ್ ಡಾಮಿನೇಷನ್. ಈ ಎರಡನೆಯದರ ಮೇಲೆ 1979ರಲ್ಲಿ ಪ್ರಬಂಧ ಬರೆದವರು ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗಣಿತದವರು. ಈ ವಿಷಯದ ಮೇಲೆ ಕೆಲಸ ಮಾಡುವ ಅನೇಕರು ಇಂದಿಗೂ ಈ ಇಬ್ಬರ ಹೆಸರು ಹೇಳಿಯೇ ಮುಂದೆ ಹೋಗುತ್ತಾರೆ. ಮುಂದೆ ವಾಲೀಕಾರರು ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು, ಆಗ ಅವರ ಹೆಸರು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಈ ಚುಕ್ಕೆ ಗೆರೆಗಳ ವಿಷಯ ಬಂದದ್ದನ್ನು ಮಾತ್ರ ನಾವು ನೋಡಿಲ್ಲ.

1979ರಲ್ಲಿ ನಮ್ಮ ಹಳ್ಳಿಗಳಲ್ಲಿ ಫೋನ್ ಇದ್ದ ಮನೆಯೇ ಅಪರೂಪ. ಆಗ ಯಾರಾದರೂ ವರದಿಗಾರ ಅವರ ಹತ್ತಿರ ಹೋಗಿ ‘ಇದರಿಂದ ಏನು ಉಪಯೋಗರೀ’ ಅಂತ ಕೇಳಿದ್ದರೆ ಅವರು ಏನು ಹೇಳಬೇಕಿತ್ತು? 1990ರ ದಶಕದ ಕೊನೆಗೆ ತಂತಿಯಿಲ್ಲದ ಜಾಲಗಳ ಕೆಲಸ ಜೋರಾಯಿತು. ಟವರ್ ಇಲ್ಲದ ಕಡೆ, ನೆರೆ ಬಂದ ಜಾಗದಲ್ಲಿ, ಸಾಧನಗಳು ತಾವೇ ಒಂದರಿಂದ ಒಂದಕ್ಕೆ ಸುದ್ದಿ ಮುಟ್ಟಿಸಬೇಕು. ಎಲ್ಲವೂ ಒಮ್ಮೆಲೇ ಕೂಗಿದರೆ ಗದ್ದಲವಾಗುತ್ತದೆ, ಬ್ಯಾಟರಿಯೂ ಮುಗಿಯುತ್ತದೆ. ಹಾಗಾಗಿ ಕೆಲವೇ ಸಾಧನಗಳನ್ನು ಆರಿಸಿ ಬೆನ್ನೆಲುಬು ಮಾಡಬೇಕು. ಆ ಕೆಲವು ಒಂದಕ್ಕೊಂದು ಕೂಡಿಕೊಂಡಿರಬೇಕು, ಉಳಿದ ಪ್ರತಿಯೊಂದರ ಪಕ್ಕದಲ್ಲೂ ಅವುಗಳಲ್ಲಿ ಒಂದಾದರೂ ಇರಬೇಕು. ಇದು ಚಹಾದಂಗಡಿಯ ಬಿಲ್ಲಿನ ಮೇಲಿದ್ದ ಲೆಕ್ಕವೇ. ಕಂಪ್ಯೂಟರ್ ಸಂಶೋಧಕರು ಅದನ್ನು ಎತ್ತಿಕೊಂಡರು. (ನಿಮ್ಮ ಕೈಯಲ್ಲಿರುವ ಮೊಬೈಲೇ ಹೀಗೆ ನಡೆಯುತ್ತದೆ ಅಂದುಕೊಳ್ಳಬೇಡಿ, ಅದಕ್ಕೆ ಟವರ್ ಇದೆ.)

6 ಊರಿನ ಲೆಕ್ಕವನ್ನು ಬೆರಳಲ್ಲಿ ಮಾಡಬಹುದು. ಊರು ಸಾವಿರವಾಗಿ, ರಸ್ತೆಗಳು ಅಡ್ಡಾದಿಡ್ಡಿ ಹೋದರೆ? ಎಂಥ ನಕ್ಷೆ ಕೊಟ್ಟರೂ ಎಲ್ಲಕ್ಕಿಂತ ಕಡಿಮೆ ಎಷ್ಟು ಸಾಕು ಅಂತ ಬೇಗ ಹೇಳುವ ದಾರಿ ಕಂಪ್ಯೂಟರಿನವರಿಗೂ ಈವರೆಗೆ ಸಿಕ್ಕಿಲ್ಲ. ಹತ್ತಿರದ ಉತ್ತರ ಹುಡುಕುವ ಉಪಾಯಗಳನ್ನು ಮಾಡಿಕೊಂಡಿದ್ದಾರೆ, ಅಷ್ಟೆ. ಗಣಿತದ ಸ್ಟಾಫ್ ರೂಮಿನವರಿಗೂ ಪಕ್ಕದ ಕಂಪ್ಯೂಟರ್ ಲ್ಯಾಬಿನವರಿಗೂ ಮಾತು ಬೆಳೆಯುವುದು ಇಲ್ಲಿಯೇ.

ನಮ್ಮ ಉಪನ್ಯಾಸಕರು ಮತ್ತು ಕಂಪ್ಯೂಟರಿನ ಮೇಡಂ ಸೇರಿ ಹೋದ ವರ್ಷ ಕೊನೆಯ ವರ್ಷದ ಒಬ್ಬ ಹುಡುಗಿಯಿಂದ ಇದೇ ಲೆಕ್ಕದ ಪ್ರಾಜೆಕ್ಟ್ ಮಾಡಿಸಿದರು. ಅವಳು ನಮ್ಮ ಹೋಬಳಿಯ 14 ಹಳ್ಳಿಗಳ ರಸ್ತೆ ಗುರುತು ಹಾಕಿ, ಹಾಲು ತಂಪು ಮಾಡುವ ಟ್ಯಾಂಕ್ ಎಲ್ಲೆಲ್ಲಿ ಇಟ್ಟರೆ ಪಕ್ಕದ ಊರಿನವರಿಗೂ ಹತ್ತಿರವಾಗುತ್ತದೆ ಅಂತ ಪ್ರೋಗ್ರಾಂ ಬರೆದಳು. ಅಪ್ಪ ದಿನಾ ಕ್ಯಾನ್ ಕಟ್ಟಿಕೊಂಡು ಸೈಕಲ್ ತುಳಿಯುವುದನ್ನು ನೋಡಿ ಬೆಳೆದವಳು. ನಾವು ಸುದ್ದಿ ಬರೆದು ಕಳಿಸಿದೆವು. ಡೆಸ್ಕಿನಿಂದ ಬಂದ ಉತ್ತರ: ಉದ್ಘಾಟನೆ ಇದ್ದರೆ ಕಳಿಸಿ.

ಈ ವರ್ಷ ಬಿಎಸ್ಸಿಯಲ್ಲಿ ಗಣಿತ ತೆಗೆದುಕೊಳ್ಳುವವರು ಅಲ್ಲಿ ತೀರ ಕಡಿಮೆ. ಹುಡುಗರೆಲ್ಲ ಬಿಸಿಎ ಕಡೆ ಹೋಗುತ್ತಿದ್ದಾರೆ. ಅಲ್ಲಿಯೂ ಗಣಿತ ಬೇಕಾಗುತ್ತದೆ ಅಂತ ಅವರಿಗೆ ಹೇಳುವವರಿಲ್ಲ. ವಿಭಾಗ ಮುಚ್ಚಿದರೆ ನಮ್ಮ ಉಪನ್ಯಾಸಕರ ತಾಸುಗಳೂ ಹೋಗುತ್ತವೆ. ಅತಿಥಿಗಳಿಗೆ ತಾಸು ಇದ್ದರೆ ಮಾತ್ರ ಕೆಲಸ. ಹತ್ತು ವರ್ಷ ಪಾಠ ಮಾಡಿದವರು ಈ ಸಲವೂ ಹೊಸಬರಂತೆ ಅರ್ಜಿ ಹಾಕಿದ್ದಾರೆ.

ಹೋದ ವಾರ ಅವರ ಜೊತೆ ನಾಲ್ಕು ಊರು ತಿರುಗಿದೆವು. ಪಿಯು ಮುಗಿಸಿದ ಮಕ್ಕಳಿರುವ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಅದೇ 6 ಚುಕ್ಕೆ ಹಾಕಿ ತೋರಿಸಿದರು. ಇಬ್ಬರು ಬರುತ್ತೇನೆ ಅಂದಿದ್ದಾರೆ. ಒಬ್ಬಳ ಅಜ್ಜಿ ಮಾತ್ರ ಬಿಲ್ಲನ್ನು ತಿರುಗಿಸಿ ನೋಡಿ ಕೇಳಿದಳು, ‘ಮತ್ತ ನಮ್ಮೂರಿಗೆ ದವಾಖಾನಿ ಯಾವಾಗ ಬರ್ತೈತೋ ಯಪ್ಪಾ?’

ಅದಿನ್ನೊಂದು ಸುದ್ದಿ. ಅದನ್ನೂ ಬರೆದುಕೊಂಡು ಬಂದಿದ್ದೇವೆ.