‘ಕಾಪಾಡು’ ಎಂದು ಬರೆದ ಹುಡುಗ

2018ರ ಸೆಪ್ಟೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಇಮೇಲುಗಳಿಗಾಗಿ ಕ್ಷಮೆ ಕೇಳಿ, ಲಿನಕ್ಸ್ ಕರ್ನಲ್ ಕೆಲಸದಿಂದ ಕೆಲಕಾಲ ದೂರ ಸರಿದರು. ಅದೇ ದಿನಗಳಲ್ಲಿ ಕರ್ನಲ್ ಸಮುದಾಯ ಹೊಸ ನೀತಿಸಂಹಿತೆಯನ್ನೂ ಒಪ್ಪಿಕೊಂಡಿತು. ಸುದ್ದಿ ಓದುವಾಗ ನನಗೆ ನೆನಪಾದದ್ದು ಒಬ್ಬ ವಿದ್ಯಾರ್ಥಿ.

ಮುಕ್ತ ತಂತ್ರಾಂಶವೊಂದರ ಕನ್ನಡ ಅನುವಾದಕ್ಕೆ ಅವನು ನಲವತ್ತು ಸಾಲು ಕಳಿಸಿದ್ದ. ‘ಮೊದಲು ಕನ್ನಡ ಕಲಿತು ಬಾ’ ಎಂದು ಎಲ್ಲರೆದುರು ಬರೆದಿದ್ದೆ. ತಪ್ಪುಗಳಿದ್ದದ್ದು ನಿಜ, ‘ಸೇವ್’ಗೆ ಅವನು ‘ಕಾಪಾಡು’ ಎಂದಿದ್ದ. ‘ಉಳಿಸು ಅಂದರೆ ಚೆನ್ನ’ ಎಂದಿದ್ದರೆ ಸಾಕಿತ್ತು. ಅವನು ಮತ್ತೆ ಬರಲಿಲ್ಲ.

ಸಂಬಳವಿಲ್ಲದ ಕೆಲಸಕ್ಕೆ ಬಂದವನಿಗೆ ನಾವು ಕೊಡಬಲ್ಲದ್ದು ಮರ್ಯಾದೆಯೊಂದೇ. ನಾನು ಅದನ್ನೂ ಕೊಡಲಿಲ್ಲ.

ಆ ಸಾಲುಗಳನ್ನು ತಿದ್ದಿ, ಅವನ ಹೆಸರಿನಲ್ಲೇ ಸೇರಿಸಿದೆ. ಕ್ಷಮೆ ಕೇಳಿ ಬರೆದ ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.