ಸಾರಥಿಯ ಶೀಲ

ಸ್ಪರ್ಧೆಯಿಲ್ಲದೆ ಸಾಮರ್ಥ್ಯವು ಬೆಳಗದೆಂಬುದು ಲೋಕಾನುಭವ. ಒರೆಗಲ್ಲಿಲ್ಲದೆ ಚಿನ್ನದ ಬಣ್ಣವು ತಿಳಿಯದಂತೆ, ಸಮಬಲನಾದ ಎದುರಾಳಿಯಿಲ್ಲದೆ ಒಬ್ಬನ ಕೈಚಳಕವು ಎಷ್ಟರದೆಂಬುದು ಅವನಿಗೇ ತಿಳಿಯುವುದಿಲ್ಲ. ಆದರೆ ಆ ಸ್ಪರ್ಧೆಯೇ ಮಾತ್ಸರ್ಯವಾಗಿ ಪರಿಣಮಿಸಿದಾಗ ಏನಾಗುವುದೆಂಬುದಕ್ಕೆ, ಜಪಾನ್ ದೇಶದ ಸುಜುಕಾ ಎಂಬಲ್ಲಿ 1989 ಮತ್ತು 1990ನೆಯ ವರ್ಷಗಳಲ್ಲಿ ನಡೆದ ಎರಡು ಮೋಟಾರು ಪಂದ್ಯಗಳ ವೃತ್ತಾಂತವೇ ಸಾಕ್ಷಿಯಾಗಿದೆ.

ಬ್ರೆಜಿಲ್ ದೇಶದ ಅಯರ್ಟನ್ ಸೆನ್ನಾ ಮತ್ತು ಫ್ರಾನ್ಸ್ ದೇಶದ ಅಲೇನ್ ಪ್ರಾಸ್ಟ್ ಇವರಿಬ್ಬರೂ ಮೆಕ್ಲಾರೆನ್ ಎಂಬ ಒಂದೇ ತಂಡದ ಸಾರಥಿಗಳಾಗಿದ್ದರು. 1988ರಲ್ಲಿ ನಡೆದ 16 ಪಂದ್ಯಗಳಲ್ಲಿ 15ನ್ನು ಇವರೇ ಗೆದ್ದುಕೊಂಡರು. ಅವುಗಳಲ್ಲಿ ಎಂಟು ಸೆನ್ನಾನವು, ಏಳು ಪ್ರಾಸ್ಟನವು. ಪ್ರಾಸ್ಟನದು ಅಳೆದು ತೂಗಿ ನಡೆಯುವ ಸ್ವಭಾವ. ಆದಕಾರಣವೇ ಅವನಿಗೆ ‘ಪ್ರೊಫೆಸರ್’ ಎಂಬ ಅಡ್ಡಹೆಸರು ಬಂದಿತ್ತು. ಸೆನ್ನಾನದಾದರೋ ಕಂಡ ಸಂದಿಯಲ್ಲಿ ನುಗ್ಗಿಬಿಡುವ ಧೈರ್ಯ. ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ಎರಡು ಹೋರಿಗಳಂತೆ ಇವರಲ್ಲಿ ವೈರವು ಬೆಳೆಯಿತು.

1989ರ ಅಕ್ಟೋಬರ್ 22ರಂದು ಸುಜುಕಾದಲ್ಲಿ ಪ್ರಾಸ್ಟನು ಮುಂದಿದ್ದನು. 46ನೆಯ ಸುತ್ತಿನ ಕೊನೆಯ ಇಕ್ಕಟ್ಟಾದ ತಿರುವಿನಲ್ಲಿ ಸೆನ್ನಾನು ಒಳಬದಿಯಿಂದ ನುಗ್ಗಿದನು; ಪ್ರಾಸ್ಟನು ದಾರಿ ಬಿಡದೆ ತಿರುಗಿಸಿದನು; ಎರಡು ಕಾರುಗಳೂ ಒಂದರೊಳಗೊಂದು ಸಿಕ್ಕಿಕೊಂಡು ನಿಂತುಹೋದುವು. ಪ್ರಾಸ್ಟನು ಇಳಿದು ಹೋದನು. ಸೆನ್ನಾನು ಅಲ್ಲಿದ್ದ ಕಾವಲಿನವರಿಂದ ಕಾರನ್ನು ನೂಕಿಸಿಕೊಂಡು, ಪಕ್ಕದ ಹಾದಿಯಿಂದ ಹೊರಟು, ಪಂದ್ಯವನ್ನು ಎಲ್ಲರಿಗಿಂತ ಮೊದಲು ಮುಗಿಸಿದನು. ಆದರೆ ತಿರುವನ್ನು ಬಿಟ್ಟು ಹಾದುಹೋದನೆಂದು ಅಧಿಕಾರಿಗಳು ಆ ಜಯವನ್ನು ತಳ್ಳಿಹಾಕಿದರು. ವಿಶ್ವಪದವಿಯು ಪ್ರಾಸ್ಟನಿಗೆ ದೊರೆಯಿತು. ಸೆನ್ನಾನಿಗೆ 1,00,000 ಡಾಲರುಗಳ ದಂಡವಾಯಿತು. ಅನ್ಯಾಯವಾಯಿತೆಂಬ ಭಾವನೆಯು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಮರುವರ್ಷ ಅದೇ ಸ್ಥಳ. ಪ್ರಾಸ್ಟನು ಆಗ ಫೆರಾರಿ ತಂಡವನ್ನು ಸೇರಿದ್ದನು. ಆ ದಿನ ಪ್ರಾಸ್ಟನಿಗೆ ಅಂಕಗಳು ದೊರೆಯದಿದ್ದರೆ ಪದವಿಯು ತಾನಾಗಿ ಸೆನ್ನಾನದಾಗುತ್ತಿತ್ತು. ಮೊದಲ ಸ್ಥಾನದಲ್ಲಿ ನಿಲ್ಲುವ ಹಕ್ಕನ್ನು ಪಡೆದಿದ್ದ ಸೆನ್ನಾನು, ಆ ಸ್ಥಾನವು ಧೂಳು ತುಂಬಿದ ಬದಿಯಲ್ಲಿರುವುದರಿಂದ ಅದನ್ನು ಬದಲಿಸಬೇಕೆಂದು ಕೇಳಿದನು; ಅಧಿಕಾರಿಗಳು ಒಪ್ಪಲಿಲ್ಲ. ಪಂದ್ಯವು ಆರಂಭವಾಗುತ್ತಲೇ ಪ್ರಾಸ್ಟನು ಮುಂದಾದನು. ಮೊದಲನೆಯ ತಿರುವಿನಲ್ಲಿಯೇ, ಗಂಟೆಗೆ 200 ಕಿಲೋಮೀಟರುಗಳನ್ನು ಮೀರಿದ ವೇಗದಲ್ಲಿ, ಸೆನ್ನಾನು ಹಿಂಜರಿಯದೆ ಬಂದು ಅವನ ಕಾರಿಗೆ ಅಪ್ಪಳಿಸಿದನು. ಇಬ್ಬರೂ ಮರಳಿನಲ್ಲಿ ಹೂತುಹೋದರು. ಪದವಿಯು ಸೆನ್ನಾನಿಗೆ ಬಂದಿತು. ಶಿಕ್ಷೆ ಯಾವುದೂ ಆಗಲಿಲ್ಲ. ಅದು ಬುದ್ಧಿಪೂರ್ವಕವಾಗಿ ಮಾಡಿದ ಕೃತ್ಯವೆಂದು ಆತನೇ 1991ರಲ್ಲಿ ಬಾಯಿಬಿಟ್ಟು ಹೇಳಿದನು.

ಇಲ್ಲಿ ವಿಚಾರಿಸತಕ್ಕ ಅಂಶವು ಒಂದಿದೆ. ಹಿಂದಿನ ವರ್ಷದ ತೀರ್ಪು ಅನ್ಯಾಯದ್ದೇ ಎಂದು ಒಪ್ಪಿಕೊಂಡರೂ, ಅದರಿಂದ ಈ ಕೃತ್ಯಕ್ಕೆ ಹಕ್ಕು ಹುಟ್ಟುವುದೆ? ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮೊದಲು ಎರಡು ಪಕ್ಷದವರೂ ಕೂಡಿ ನಿಯಮಗಳನ್ನು ಮಾಡಿಕೊಂಡರು. ಬಳಿಕ ಒಂದೊಂದಾಗಿ ಅವನ್ನು ಮುರಿದರು. ಮುರಿದಾಗಲೆಲ್ಲ ‘ಮೊದಲು ಮುರಿದವರು ನೀವು’ ಎಂಬುದೇ ಸಮರ್ಥನೆಯಾಯಿತು. ಆ ನ್ಯಾಯದಿಂದ ಯಾರಿಗೂ ಕ್ಷೇಮವಾಗಲಿಲ್ಲ. ಸುಜುಕಾದಲ್ಲಿಯೂ ಇಬ್ಬರ ಜಗಳವು ಇಬ್ಬರಲ್ಲಿಯೇ ನಿಲ್ಲತಕ್ಕದ್ದಾಗಿರಲಿಲ್ಲ. ಅವರ ಬೆನ್ನಹಿಂದೆಯೇ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಧಾವಿಸಿ ಬರುತ್ತಿದ್ದುವು. ಕಾರುಗಳು ಒಂದಕ್ಕೊಂದು ತಗಲಿದಾಗ ನಿರಪರಾಧಿಗಳ ಗತಿಯೇನೆಂಬುದನ್ನು ಫ್ರಾನ್ಸಿನ ಲೆ ಮಾನ್ಸ್ ಪಂದ್ಯವು 1955ರಲ್ಲಿಯೇ ತೋರಿಸಿತ್ತು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಆದರೂ 80ಕ್ಕೂ ಮಿಕ್ಕ ಪ್ರೇಕ್ಷಕರು ಪ್ರಾಣ ಬಿಟ್ಟರು. ಅಕಸ್ಮಾತ್ತಾಗಿಯೇ ಇಷ್ಟಾಗುವಲ್ಲಿ, ಬೇಕೆಂದು ಮಾಡುವವನು ಎಷ್ಟು ಜನರ ಪ್ರಾಣವನ್ನು ಪಣಕ್ಕೊಡ್ಡುವನು!

ಮೂರು ಸಲ ವಿಶ್ವಪದವಿಯನ್ನು ಪಡೆದ ಜಾಕಿ ಸ್ಟುವರ್ಟನು ಸಾರಥಿಗಳ ಸುರಕ್ಷತೆಗಾಗಿ ಬಹುಕಾಲ ಹೋರಾಡಿದವನು. ಪದೇ ಪದೇ ಸಂಭವಿಸುವ ಡಿಕ್ಕಿಗಳ ವಿಷಯವಾಗಿ ಆತನು 1990ರಲ್ಲಿ ಸೆನ್ನಾನನ್ನು ನೇರವಾಗಿ ಪ್ರಶ್ನಿಸಲು ಸೆನ್ನಾನು ಸಿಡಿಮಿಡಿಗೊಂಡನು. ಎದುರಿಗೆ ತೆರೆದ ಸಂದಿಯನ್ನು ಹೊಗದವನು ಪಂದ್ಯದ ಸಾರಥಿಯೇ ಅಲ್ಲವೆಂಬುದು ಅವನ ಉತ್ತರದ ಸಾರ. ಈ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಸಂದಿಯನ್ನು ಹೊಗುವುದು ಬೇರೆ, ಸಂದಿಯಿಲ್ಲದೆಡೆ ಎದುರಾಳಿಯ ಮೇಲೆ ಏರಿಹೋಗುವುದು ಬೇರೆ. ಮೊದಲನೆಯದು ಸಾಹಸ, ಎರಡನೆಯದು ಹಿಂಸೆ.

ಇಷ್ಟರಿಂದ ಸೆನ್ನಾನು ಕ್ರೂರಿಯೆಂದು ತೀರ್ಮಾನಿಸಿದರೆ ಅದು ಆತುರದ ತೀರ್ಪಾದೀತು. 1992ರಲ್ಲಿ ಬೆಲ್ಜಿಯಂ ದೇಶದ ಸ್ಪಾ ಎಂಬಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಎರಿಕ್ ಕೊಮಾಸ್ ಎಂಬವನ ಕಾರು ಅಪಘಾತಕ್ಕೀಡಾಗಿ, ಅವನು ಪ್ರಜ್ಞೆತಪ್ಪಿ ಬಿದ್ದಿದ್ದನು. ಎಂಜಿನು ಓಡುತ್ತಲೇ ಇತ್ತು. ಸೆನ್ನಾನು ತನ್ನ ಕಾರನ್ನು ನಿಲ್ಲಿಸಿ, ಬೇರೆ ಕಾರುಗಳು ಬರುತ್ತಿರುವುದನ್ನೂ ಲೆಕ್ಕಿಸದೆ ಓಡಿಹೋಗಿ, ಆ ಎಂಜಿನನ್ನು ನಿಲ್ಲಿಸಿ, ವೈದ್ಯರು ಬರುವವರೆಗೆ ಅವನ ತಲೆಯನ್ನು ಆನಿಸಿ ಹಿಡಿದುಕೊಂಡಿದ್ದನು. ಅಪ್ಪಳಿಸಿದ ಕೈಗಳೂ ಅವೇ, ಆಪತ್ತಿನಲ್ಲಿ ಆನಿಸಿ ಹಿಡಿದ ಕೈಗಳೂ ಅವೇ. ಒಳ್ಳೆಯವನಲ್ಲಿಯೂ ರೋಷವು ವಿವೇಕವನ್ನು ನುಂಗಬಲ್ಲುದಾದ್ದರಿಂದಲೇ ನಿಯಮಗಳೂ ನಿಷ್ಪಕ್ಷಪಾತವಾದ ದಂಡವೂ ಅವಶ್ಯಕವಾಗುತ್ತವೆ. ದಂಡವು ಒಮ್ಮೆ ಅತಿಯಾಗಿ, ಇನ್ನೊಮ್ಮೆ ಇಲ್ಲವೇ ಇಲ್ಲದೆ ಹೋದರೆ, ನೊಂದವನು ತಾನೇ ನ್ಯಾಯಾಧಿಪತಿಯಾಗಿಬಿಡುವನು.

1997ರಲ್ಲಿ ಸ್ಪೇನಿನ ಹೆರೆಸ್ ಎಂಬಲ್ಲಿ ಮೈಕೆಲ್ ಶುಮಾಕರನು ಜಾಕ್ ವಿಲ್ನೇವನ ಕಾರಿಗೆ ತನ್ನ ಕಾರನ್ನು ತಿರುಗಿಸಿದಾಗ, ಆ ವರ್ಷದ ಪಟ್ಟಿಯಲ್ಲಿ ಅವನಿಗೆ ಬಂದಿದ್ದ ಎರಡನೆಯ ಸ್ಥಾನವನ್ನೇ ಕಿತ್ತುಕೊಳ್ಳಲಾಯಿತು. 2021ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್ಸ್ಟಾಪನ್ ಇವರ ನಡುವೆ ಅದೇ ಕಥೆಯು ಮರಳಿತು. ಸಿಲ್ವರ್‌ಸ್ಟೋನಿನಲ್ಲಿ ವೆರ್ಸ್ಟಾಪನ್ನನು ತಡೆಗೋಡೆಗೆ ಅಪ್ಪಳಿಸಿ ಆಸ್ಪತ್ರೆಯನ್ನು ಸೇರಿದನು. ಹ್ಯಾಮಿಲ್ಟನ್ನನು ಹತ್ತು ಸೆಕೆಂಡುಗಳ ದಂಡವನ್ನು ತೆತ್ತೂ ಪಂದ್ಯವನ್ನು ಗೆದ್ದನು. ಎರಡು ತಿಂಗಳೊಳಗೆ ಇಟಲಿಯ ಮೋಂಜಾದಲ್ಲಿ ವೆರ್ಸ್ಟಾಪನ್ನನ ಕಾರು ಹ್ಯಾಮಿಲ್ಟನ್ನನ ತಲೆಯ ಮೇಲೆಯೇ ಹತ್ತಿ ನಿಂತಿತು. 2018ರಿಂದ ಕಡ್ಡಾಯವಾಗಿದ್ದ ‘ಹೇಲೋ’ ಎಂಬ ಟೈಟೇನಿಯಂ ಲೋಹದ ಕಮಾನು ಅವನ ಪ್ರಾಣವನ್ನುಳಿಸಿತು. ಮುಖ್ಯವಾದ ತಪ್ಪು ವೆರ್ಸ್ಟಾಪನ್ನನದೆಂದು ನಿರ್ಣಯವಾಗಿ, ಮುಂದಿನ ಪಂದ್ಯದಲ್ಲಿ ಮೂರು ಸ್ಥಾನ ಹಿಂದಿನಿಂದ ಹೊರಡುವ ದಂಡವು ಅವನಿಗೆ ವಿಧಿಸಲ್ಪಟ್ಟಿತು.

ಕಮಾನು, ಗಟ್ಟಿಯಾದ ಕವಚ, ಮೆತ್ತನೆಯ ತಡೆಗೋಡೆ ಇವೆಲ್ಲವೂ ಸ್ತುತ್ಯವಾದುವುಗಳೇ. ಆದರೆ ಹಿಂದೆ ಮರಣಭಯವು ಮಾಡುತ್ತಿದ್ದ ಕೆಲಸವನ್ನು ಈಗ ಮತ್ತಾವುದಾದರೂ ಮಾಡಬೇಕಷ್ಟೆ. ಸ್ಟುವರ್ಟನ ಕಾಲದಲ್ಲಿ ಡಿಕ್ಕಿಯೆಂದರೆ ಸಾವೇ ಬಂದೀತೆಂದು ಅಂಜಿ ಸಾರಥಿಗಳು ಪರಸ್ಪರ ದಾರಿ ಕೊಡುತ್ತಿದ್ದರು. ಭಯವು ತಗ್ಗಿದಷ್ಟೂ ಸಂಯಮದ ಹೊಣೆಯು ಹೆಚ್ಚುವುದು. ಲೋಹವು ದೇಹವನ್ನು ರಕ್ಷಿಸೀತೇ ಹೊರತು ಚಕ್ರವನ್ನು ಹಿಡಿದ ಮನಸ್ಸನ್ನು ತಿದ್ದಲಾರದು.

1993ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಪ್ರಾಸ್ಟನು ತನ್ನ ಕೊನೆಯ ಪಂದ್ಯವನ್ನು ಮುಗಿಸಿದಾಗ, ಗೆದ್ದ ಸೆನ್ನಾನು ಅವನನ್ನು ಕೈಹಿಡಿದು ತನ್ನ ಎತ್ತರದ ಪೀಠಕ್ಕೆ ಎಳೆದುಕೊಂಡನು. ಆರು ತಿಂಗಳು ತುಂಬುವ ಮೊದಲೇ, 1994ರ ಮೇ 1ರಂದು, ಇಟಲಿಯ ಇಮೋಲಾದಲ್ಲಿ ಸೆನ್ನಾನು ಮಡಿದನು. ಅದರ ಹಿಂದಿನ ದಿನವೇ ಅಲ್ಲಿಯೇ ರೋಲಂಡ್ ರಾಟ್ಸೆನ್‌ಬರ್ಗರನು ಮಡಿದಿದ್ದನು. ಸೆನ್ನಾನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟನೂ ಒಬ್ಬನಾಗಿದ್ದನು. ಅದೇ ತಿಂಗಳಲ್ಲಿ ಸಾರಥಿಗಳು ಮೊನಾಕೊದಲ್ಲಿ ಸೇರಿ, ನಿಂತುಹೋಗಿದ್ದ ತಮ್ಮ ಸಂಘವನ್ನು ಸುರಕ್ಷತೆಗಾಗಿ ಮರಳಿ ಕಟ್ಟಿದರು. ಪಂದ್ಯದ ದಿನ ಎದುರಾಳಿಗಳಾದವರು ಮಿಕ್ಕ ದಿನಗಳಲ್ಲಿ ಒಬ್ಬರ ಪ್ರಾಣಕ್ಕೆ ಒಬ್ಬರು ಹೊಣೆಗಾರರೆಂಬ ಈ ತಿಳಿವಳಿಕೆಯು ಎರಡು ಸಾವುಗಳಿಗೆ ಮುಂಚೆಯೇ ಬರಬಹುದಾಗಿತ್ತು. ಸೋತ ಎದುರಾಳಿಯೂ ಕ್ಷೇಮವಾಗಿ ಮನೆಯನ್ನು ಸೇರಿದ ದಿನದ ಜಯವೇ ಜಯವೆನ್ನಿಸಿಕೊಳ್ಳಲು ತಕ್ಕದ್ದು.